ಕೆಳಗೆ ಬರೆಯಲು ಜಾಗ

ಅವರ ಕಾಮೆಂಟು ಯಾವತ್ತೂ ಮರುದಿನ ಬೆಳಿಗ್ಗೆ ಹತ್ತು ಗಂಟೆ ದಾಟಿದ ಮೇಲೇ ಬರುತ್ತಿತ್ತು. ನಾನು ಬ್ಲಾಗಿಗೆ ಬರಹ ಹಾಕುತ್ತಿದ್ದುದು ಸಂಜೆ, ಮಕ್ಕಳು ಕೆಳಗೆ ಆಡಲು ಹೋದ ಹೊತ್ತಿನಲ್ಲಿ. ಹಾಕಿದ ಮೇಲೆ ಐದು ನಿಮಿಷಕ್ಕೊಮ್ಮೆ ಪುಟ ತೆರೆದು ಯಾರಾದರೂ ಏನಾದರೂ ಬರೆದರಾ ಎಂದು ನೋಡುವ ಚಟ ನನಗಿತ್ತು. ತುಮಕೂರಿನ ಗೆಳತಿ ‘ಸೂಪರ್ ಕಣೇ’ ಅಂದಿರುತ್ತಿದ್ದಳು. ಇನ್ಯಾರೋ ಮೂರು ಹೂವಿನ ಚಿತ್ರ ಇಟ್ಟು ಹೋಗಿರುತ್ತಿದ್ದರು. ಇಬ್ಬರೂ ಪೂರ್ತಿ ಓದಿರಲಿಕ್ಕಿಲ್ಲ ಎಂದು ಗೊತ್ತಿದ್ದರೂ ನನಗೆ ಖುಷಿಯೇ. ನಿಜವಾಗಿ ಓದಿದ ಒಬ್ಬರ ಮಾತಿಗೆ ಮಾತ್ರ ಮರುದಿನದ ತನಕ ಕಾಯಬೇಕಾಗಿತ್ತು.

ಆ ಕಾಮೆಂಟಿನ ಮೇಲೆ ‘ಅನಾಮಧೇಯ’ ಎಂದು ಇರುತ್ತಿತ್ತು. ಮೊದಲ ಶಬ್ದ ಸದಾ ‘ಓದಿದೆ.’ ಆಮೇಲೆ ಎರಡೋ ಮೂರೋ ಸಾಲು. ಕೊನೆಗೆ ‘ಉಧ್ನಾದಿಂದ’. ಅಷ್ಟೇ. ಉಧ್ನಾ ಎಂದರೆ ಸೂರತ್ತಿಗೆ ಅಂಟಿಕೊಂಡ, ಹಗಲಿಡೀ ಮಗ್ಗಗಳ ಸದ್ದು ಕೇಳುವ ಜಾಗ. ಅಹಮದಾಬಾದಿನಿಂದ ಮುಂಬಯಿಗೆ ಹೋಗುವಾಗ ಸೂರತ್ ಬಿಟ್ಟ ಕೂಡಲೇ ಆ ಸ್ಟೇಷನ್ನು ಹಾದುಹೋಗುತ್ತದೆ. ಅಲ್ಲಿ ಕೂತು ಒಬ್ಬರು ನನ್ನ ಬೇಳೆಸಾರಿನ ಕಷ್ಟಸುಖ ಓದುತ್ತಾರೆಂಬುದೇ ನನಗೆ ಸೋಜಿಗವಾಗಿತ್ತು. ಅವರ ಹೆಸರು ಮುಂದೆ ತಿಳಿಯಿತು. ಅಷ್ಟು ವರ್ಷ ಅವರೇ ಹಾಕಿಕೊಳ್ಳದ ಹೆಸರನ್ನು ನಾನು ಇಲ್ಲಿ ಹಾಕುವುದು ಸರಿಯಲ್ಲ.

ನನ್ನ ಯಜಮಾನರಿಗೆ ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಮದುವೆಯಾಗಿ ಬಂದವಳಿಗೆ ಸಂಸ್ಥೆಯ ಕ್ವಾರ್ಟರ್ಸಿನ ಐದನೇ ಮಹಡಿಯೇ ಊರಾಯಿತು. ಮಕ್ಕಳು ಹುಟ್ಟಿ ದೊಡ್ಡವರಾದ ಮೇಲೆ ನಾನು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡತೊಡಗಿದವು. ಯಜಮಾನರು ಮಾತಿನಲ್ಲಿ ಬಲು ಉಳಿತಾಯದವರು. ಹೊಟ್ಟೆಯಲ್ಲಿ ತುಂಬಿಕೊಂಡ ಮಾತನ್ನೆಲ್ಲ ಎಲ್ಲಾದರೂ ಸುರಿಯಲೇಬೇಕಿತ್ತು. ಹಾಗೆ ಶುರುವಾದದ್ದು ನನ್ನ ಬ್ಲಾಗು.

ಮೊದಮೊದಲು ಬರೆದದ್ದೆಲ್ಲ ದೂರು. ಈ ಊರಿನ ತೊಗರಿಬೇಳೆ ಬೇಯುವುದೇ ಇಲ್ಲ, ನಾಲ್ಕು ಅಂಗಡಿ ಬದಲಾಯಿಸಿದೆ, ಎಲ್ಲರೂ ಮೋಸಗಾರರು ಎಂದು ಒಂದು ಪುಟ ಕಾರಿಕೊಂಡಿದ್ದೆ. ಮರುದಿನ ಹತ್ತಕ್ಕೆ ಬಂತು: ‘ಓದಿದೆ. ಬೇಳೆಯ ತಪ್ಪಲ್ಲ, ಅಂಗಡಿಯವರ ತಪ್ಪೂ ಅಲ್ಲ. ನೀರು ಗಡುಸು. ಕುಡಿಯುವ ಫಿಲ್ಟರ್ ನೀರಿನಲ್ಲಿ ಒಮ್ಮೆ ಬೇಯಿಸಿ ನೋಡಿರಿ. ಉಧ್ನಾದಿಂದ.’ ಬೇಯಿಸಿದೆ. ಮೂರು ಸೀಟಿಗೆ ಬೆಣ್ಣೆಯಾಯಿತು. ನಾಲ್ಕು ಅಂಗಡಿಯವರ ಎದುರು ತಲೆ ತಗ್ಗಿಸಿಕೊಂಡು ಓಡಾಡುವ ಹಾಗಾಯಿತು ನನಗೆ.

ಅವರು ನನ್ನೊಬ್ಬಳ ಸ್ವತ್ತಾಗಿರಲಿಲ್ಲ. ಆಗ ಕನ್ನಡದಲ್ಲಿ ಬ್ಲಾಗು ಬರೆಯುವವರು ಊರೂರಲ್ಲಿ ಇದ್ದರು. ಅಡುಗೆ, ಕವಿತೆ, ಕ್ರಿಕೆಟ್ಟು, ಕೀಲುನೋವು, ಯಾವುದರ ಮೇಲೆ ಬರೆದರೂ ಕೆಳಗೆ ಉಧ್ನಾದ ಎರಡು ಸಾಲು ಇರುತ್ತಿತ್ತು. ಅಹಮದಾಬಾದಿನದೇ ನರೋಡಾದ ಕಾರ್ಖಾನೆಯಲ್ಲಿದ್ದ ಎಂಜಿನಿಯರ್ ಒಬ್ಬರು ವಾರಕ್ಕೊಂದು ಪ್ರೇಮಕವಿತೆ ಹಾಕುತ್ತಿದ್ದರು. ಅದರ ಕೆಳಗೆ ಇವರು ಬರೆದಿದ್ದರು: ‘ಓದಿದೆ. ಕಣ್ಣುಗಳು ಏಳು ಸಲ ಬಂದಿವೆ. ಆಕೆ ನಿಮ್ಮ ಮಾತು ಕೇಳಿಸಿಕೊಂಡದ್ದು ಒಂದು ಸಲವೂ ಬಂದಿಲ್ಲ. ಉಧ್ನಾದಿಂದ.’ ಆ ಎಂಜಿನಿಯರ್ ಎರಡು ತಿಂಗಳು ಕವಿತೆ ನಿಲ್ಲಿಸಿದರು. ಎರಡು ತಿಂಗಳ ಮೇಲೆ ಹಾಕಿದ ಕವಿತೆ ಚೆನ್ನಾಗಿತ್ತು.

ನನಗೂ ಒಂದು ಏಟು ಬಿತ್ತು. ನಮ್ಮತ್ತೆ ಮೂರು ತಿಂಗಳಿಗೆಂದು ಅಹಮದಾಬಾದಿಗೆ ಬಂದಿದ್ದರು. ಲಿಫ್ಟು ಕಂಡರೆ ಅವರಿಗೆ ಜೀವಭಯ. ಐದು ಮಹಡಿ ಇಳಿದು, ಗೇಟಿನ ಹತ್ತಿರ ಗಾಡಿ ನಿಲ್ಲಿಸುವ ತರಕಾರಿಯವಳ ಜೊತೆ ಅಚ್ಚ ತುಮಕೂರು ಕನ್ನಡದಲ್ಲಿ ಅರ್ಧ ಗಂಟೆ ಜಗಳವಾಡಿ, ಒಂದು ಕಟ್ಟು ಮೆಂತ್ಯ ಹಿಡಿದು ಏದುಸಿರು ಬಿಡುತ್ತಾ ಮೇಲೆ ಬರುತ್ತಿದ್ದರು. ತರಕಾರಿಯವಳು ಗುಜರಾತಿ ಬಿಟ್ಟು ಬೇರೆ ಅರಿಯದವಳು. ನಾನು ಇದನ್ನು ಉಪ್ಪುಖಾರ ಹಚ್ಚಿ, ಅತ್ತೆಯ ಮಾತಿನ ಧಾಟಿಯನ್ನೇ ಹಿಡಿದು ಬರೆದೆ. ಜನ ಬಿದ್ದು ಬಿದ್ದು ನಕ್ಕರು. ಅಷ್ಟು ಕಾಮೆಂಟು ನನಗೆ ಅದುವರೆಗೆ ಬಂದೇ ಇರಲಿಲ್ಲ.

ಮರುದಿನ ಹತ್ತಕ್ಕೆ ಇವರದು ಬಂತು. ‘ಓದಿದೆ. ಮೊದಲ ಸಲ ನಗು ಬಂತು. ಎರಡನೇ ಸಲ ಬರಲಿಲ್ಲ. ದಿನವಿಡೀ ಅವರಿಗೆ ಮಾತಾಡಲು ಸಿಗುತ್ತಿದ್ದವರು ಆ ತರಕಾರಿಯವರು ಒಬ್ಬರೇ ಇರಬಹುದು. ಉಧ್ನಾದಿಂದ.’

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮನೆ ಅತ್ತೆ, ನಮ್ಮನೆ ಗೇಟು, ಉಧ್ನಾದಲ್ಲಿ ಕೂತವರಿಗೆ ಏನು ಗೊತ್ತು ಎಂದು ಯಜಮಾನರ ಮುಂದೆ ಕೂಗಾಡಿದೆ. ಅವರು ಪೇಪರಿನಿಂದ ತಲೆಯೆತ್ತದೆ, “ಅಮ್ಮ ಇದ್ದಾಗ ನೀನು ಹೆಚ್ಚಿಗೆ ಕಂಪ್ಯೂಟರ್ ಮುಂದೇನೇ ಇರ್ತಿದ್ದೆ, ಅಲ್ವಾ?” ಅಂದರು. ಉಳಿತಾಯ ಮಾಡಿಟ್ಟ ಮಾತನ್ನೆಲ್ಲ ಹಾಗೆ ಒಂದೇ ಸಲಕ್ಕೆ ಖರ್ಚು ಮಾಡುತ್ತಾರೆ ಅವರು. ನಾನು ಒಂದು ತಿಂಗಳು ಉಧ್ನಾದ ಕಾಮೆಂಟಿಗೆ ಉತ್ತರ ಬರೆಯಲಿಲ್ಲ. ಅವರಿಗೆ ನಾನು ಮುನಿಸಿಕೊಂಡದ್ದು ತಿಳಿಯಿತೋ ಇಲ್ಲವೋ, ಕಾಮೆಂಟುಗಳು ಹತ್ತು ಗಂಟೆಗೆ ಬರುತ್ತಲೇ ಇದ್ದವು.

ಯಜಮಾನರ ಸಹೋದ್ಯೋಗಿಯ ಮಗಳ ಮದುವೆಗೆ ಸೂರತ್ತಿಗೆ ಹೋಗಬೇಕಾಗಿ ಬಂದಾಗ, ನೋಡಿಯೇ ಬಿಡೋಣ ಎಂದು ಬ್ಲಾಗಿನಲ್ಲೇ ಕೇಳಿದೆ. ಅವರು ವಿಳಾಸ ಕಳಿಸಿದರು. ಮನೆ ಉಧ್ನಾದಲ್ಲಿ, ಕೆಲಸ ಪಕ್ಕದ ಸಚಿನ್ ಎಂಬ ಊರಿನ ಕೈಗಾರಿಕಾ ವಸಾಹತಿನಲ್ಲಿ, ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನಲ್ಲಿ. ಮಧ್ಯಾಹ್ನ ಹನ್ನೆರಡಕ್ಕೆ ಮಿಲ್ಲಿಗೇ ಬನ್ನಿ ಎಂದಿದ್ದರು.

ನಾನು ಯಾರೋ ನಿವೃತ್ತ ಮೇಷ್ಟರನ್ನು ಕಲ್ಪಿಸಿಕೊಂಡಿದ್ದೆ. ಎದುರು ಬಂದವರು ಡೈಯಿಂಗ್ ಮಾಸ್ಟರ್. ಅರವತ್ತರ ಹತ್ತಿರದ ಸಣಕಲು ಮನುಷ್ಯ. ಅರ್ಧ ತೋಳಿನ ಅಂಗಿ, ಕಿವಿಯ ಹಿಂದೆ ಪೆನ್ನು. ಹತ್ತೂ ಉಗುರಿನ ಅಂಚಿನಲ್ಲಿ ತಿಕ್ಕಿದರೂ ಹೋಗದ ನೀಲಿ. ರಬಕವಿ ಬನಹಟ್ಟಿ ಕಡೆಯವರು, ನೇಕಾರರ ಮನೆಯವರು. ಮೂವತ್ತು ವರ್ಷದ ಹಿಂದೆ ಬಣ್ಣ ಹಾಕುವ ಕೆಲಸ ಹುಡುಕಿಕೊಂಡು ಸೂರತ್ತಿಗೆ ಬಂದು ಅಲ್ಲೇ ಉಳಿದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನನ್ನನ್ನು ಕರೆದದ್ದು ಮಾತ್ರ ಅಕ್ಕಾರ ಎಂದು.

“ಬರ್ರಿ ಅಕ್ಕಾರ. ಸಿಟ್ಟು ಇಳೀತೋ ಇನ್ನೂ ಐತೋ?” ಅದು ಅವರ ಮೊದಲ ಮಾತು. ತಿಂಗಳು ಪೂರ್ತಿ ನಾನು ಮುನಿಸಿಕೊಂಡದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರ ಕೋಣೆಗೆ ಉತ್ತರ ದಿಕ್ಕಿಗೆ ದೊಡ್ಡ ಕಿಟಕಿ. ಕಿಟಕಿಯ ಕೆಳಗೆ ಉದ್ದ ಮೇಜು. ಒಬ್ಬ ಕೆಲಸಗಾರ ಆಗ ತಾನೇ ಬಣ್ಣದಿಂದ ಎದ್ದ ಬಟ್ಟೆಯ ತುಂಡು ತಂದು ಕೊಟ್ಟ. ಇವರು ಅದನ್ನು ಗಿರಾಕಿ ಕೊಟ್ಟ ಮಾದರಿಯ ಪಕ್ಕದಲ್ಲಿಟ್ಟು ಕಣ್ಣಿನ ಹತ್ತಿರ ತಂದರು, ಆಮೇಲೆ ತೋಳುದ್ದ ದೂರ ಹಿಡಿದರು, ಆಮೇಲೆ ಕತ್ತು ವಾಲಿಸಿ ಓರೆಯಾಗಿ ನೋಡಿದರು. ಹಲ್ಲುಹಲ್ಲಿನ ಅಂಚು ಬರುವ ಒಂದು ಕತ್ತರಿಯಿಂದ ಚೌಕಾಕಾರದ ಚೂರು ಕತ್ತರಿಸಿ ದಪ್ಪ ರಿಜಿಸ್ಟರಿನಲ್ಲಿ ಅಂಟಿಸಿದರು. ಅದರ ಕೆಳಗೆ ಒಂದು ಸಾಲು ಬರೆದರು. ರಿಜಿಸ್ಟರಿನ ಪುಟಪುಟವೂ ಹಾಗೇ ಇತ್ತು, ಮೇಲೆ ಬಟ್ಟೆಯ ಚೂರು, ಕೆಳಗೆ ಇವರ ಒಂದು ಸಾಲು. ‘ಪಾಸ್.’ ‘ಪಾಸ್, ಕೆಂಪು ತುಸು ಹೆಚ್ಚು.’ ‘ಫೇಲ್.’

ನಾನು ಆ ಪುಟಗಳನ್ನೇ ನೋಡುತ್ತಾ ನಿಂತೆ. ನನ್ನ ಬ್ಲಾಗು ಕಂಡ ಹಾಗೇ ಇತ್ತು.

“ಬೆಳಿಗ್ಗೆ ಹತ್ತಾದ ಮೇಲೇ ಯಾಕೆ ಸರ್ ನಿಮ್ಮ ಕಾಮೆಂಟು ಬರೋದು? ನಾನು ಇಂಟರ್ನೆಟ್ಟಿನ ತೊಂದರೆ ಅಂದ್ಕೊಂಡಿದ್ದೆ,” ಎಂದು ಕೇಳಿದೆ.

“ಇಂಟರ್ನೆಟ್ ಛಲೋನ ಐತ್ರಿ. ಸಂಜೀಕ ಒಮ್ಮೆ ಓದ್ತೀನಿ. ಟ್ಯೂಬ್ ಲೈಟಿನ ಕೆಳಗ ಎಲ್ಲಾ ಬಣ್ಣಾ ಛಲೋ ಕಾಣ್ತಾವ್ರಿ. ಮುಂಜಾನಿ ಈ ಕಿಡಕ್ಯಾಗ ಬೆಳಕು ಖರೇ ಬರೂದು ಹತ್ತಕ್ಕ. ಆವಾಗ ಇನ್ನೊಮ್ಮೆ ಓದಿ ಬರೀತೀನಿ. ರೂಢಿ ಆಗೇತಿ ನೋಡ್ರಿ.”

“ಇಷ್ಟೆಲ್ಲ ಓದ್ತೀರಲ್ಲ, ನೀವೇ ಒಂದು ಬ್ಲಾಗು ಮಾಡಬಾರದಾ?”

“ನಮ್ಮಪ್ಪ ನೇಯತಿದ್ದಾ. ನಾ ನೇಯಾಂವಲ್ರಿ ಅಕ್ಕಾರ. ಮಂದಿ ನೇಯ್ದಿದ್ದು ಬರ್ತೈತಿ, ನೋಡಿ ಹೇಳ್ತೀನಿ. ಅದೂ ಒಂದು ಕೆಲಸಾನ ಹೌದಲ್ಲೋ?”

ಅವತ್ತು ಉಧ್ನಾದ ಮನೆಗೂ ಕರೆದುಕೊಂಡು ಹೋಗಿ ಚಹಾ ಮಾಡಿಕೊಟ್ಟರು. ಗೋಡೆಯ ಮೇಲೆ ಹೆಂಡತಿಯ ಫೋಟೋ ಇತ್ತು. ಮಗಳಿಗೆ ಹತ್ತು ವರ್ಷವಾಗಿದ್ದಾಗ ಆಕೆ ತೀರಿಕೊಂಡರಂತೆ. ಮಗಳು ಈಗ ವಡೋದರಾದಲ್ಲಿ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. “ಅವರವ್ವನ ಸುದ್ದಿ ತೆಗದ್ರ ಸಣ್ಣಾಕಿದ್ದಾಗ ಅಳಾಕಿ. ನಾನೂ ಬಿಟ್ಟಬಿಟ್ಟೆ. ಆಮ್ಯಾಲ ಮಾತಾಡೂ ರೂಢೀನ ತಪ್ಪಿ ಹೋತು ಇಬ್ಬರಿಗೂ,” ಅಂದರು.

ಆಗ ನನಗೆ ಹೊಳೆಯಿತು. ಅವರ ಕಾಮೆಂಟುಗಳಲ್ಲಿ ‘ನಮ್ಮ ಮನೆಯವರು’ ಎಂಬ ಶಬ್ದ ಬಾರಿಬಾರಿಗೆ ಬರುತ್ತಿತ್ತು. ನಮ್ಮ ಮನೆಯವರು ರೊಟ್ಟಿ ಹೀಗೆ ತಟ್ಟುತ್ತಿದ್ದರು, ನಮ್ಮ ಮನೆಯವರಿಗೆ ರೈಲಿನಲ್ಲಿ ಎಂಜಿನ್ನಿಗೆ ಬೆನ್ನು ಮಾಡಿ ಕೂತರೆ ಆಗುತ್ತಿರಲಿಲ್ಲ, ನಮ್ಮ ಮನೆಯವರು ಕೊಡೆಯನ್ನು ಮೂರು ಕಡೆ ಮರೆತು ಬಂದಿದ್ದರು. ಮನೆಯಲ್ಲಿ ಮಗಳಿಗೆ ಹೇಳಲಾಗದ್ದನ್ನೆಲ್ಲ ಅವರು ನಮ್ಮ ಬರಹಗಳ ಕೆಳಗೆ ಚೂರುಚೂರಾಗಿ ಬರೆದಿಟ್ಟಿದ್ದರು.

“ಮಗಳು ಓದ್ತಾರಾ ನಿಮ್ಮ ಕಾಮೆಂಟೆಲ್ಲ?”

“ಮಾತಾಡ್ತಾಳ್ರಿ, ಕನ್ನಡ ಅಕ್ಷರಾ ಬರೂದಿಲ್ಲ ಅಕಿಗೆ. ಗುಜರಾತಿ ಸಾಲಿಗೆ ಹೋದಾಕಿ. ಎಂದಾದ್ರೂ ಕಲೀತಾಳ. ಎಲ್ಲಾ ಅಲ್ಲೇ ಐತಲ್ರಿ, ಎಲ್ಲಿಗಿ ಹೊಕ್ಕೈತಿ?”

ಆ ಮೇಲೆ ಅವರು ಮಗಳನ್ನು ನೋಡಲು ವಡೋದರಾಕ್ಕೆ ಬಂದಾಗ ಒಮ್ಮೆ ಅಹಮದಾಬಾದಿನ ತನಕವೂ ಬಂದಿದ್ದರು. ನಾನು ಫಿಲ್ಟರ್ ನೀರಿನಲ್ಲೇ ಬೇಳೆ ಬೇಯಿಸಿ ಸಾರು ಮಾಡಿ ಬಡಿಸಿ, ಹೇಗಿದೆ ಸರ್ ಅಂತ ಕೇಳಿದೆ. ಅವರು ಸಾರಿನ ಬಟ್ಟಲನ್ನು ಕಿಟಕಿಯ ಕಡೆ ಎತ್ತಿ ಹಿಡಿದು ನೋಡಿ, “ನಾಳೆ ಹೇಳ್ತೀನ್ರಿ,” ಅಂದರು. ನಮ್ಮ ಯಜಮಾನರು ಅಷ್ಟು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ಮರುದಿನ ಹತ್ತಕ್ಕೆ ಮೊಬೈಲಿಗೆ ಬಂತು: ‘ಸಾರು ಛಲೋ ಇತ್ತು. ಉಪ್ಪು ಒಂದು ಹರಳು ಕಡಿಮೆ.’ ಅಂದಿನಿಂದ ನಮ್ಮ ಮನೆಯಲ್ಲಿ ಯಾರಾದರೂ ಏನಾದರೂ ಕೇಳಿದರೆ “ನಾಳೆ ಹೇಳ್ತೀನ್ರಿ” ಎನ್ನುವುದೇ ಪದ್ಧತಿಯಾಯಿತು.

ವರ್ಷಗಳು ಕಳೆದವು. ಬ್ಲಾಗುಗಳ ಕಾಲ ಮುಗಿಯುತ್ತಾ ಬಂತು. ಬರೆಯುತ್ತಿದ್ದವರೆಲ್ಲ ಫೇಸ್‌ಬುಕ್ಕಿಗೆ ಹೋದರು, ಅಲ್ಲಿಂದ ವಾಟ್ಸಾಪಿಗೆ ಹೋದರು. ನರೋಡಾದ ಕವಿಗೆ ಮದುವೆಯಾಗಿ ಕವಿತೆ ನಿಂತಿತು. ನಾನು ಹಟ ಹಿಡಿದವಳಂತೆ ತಿಂಗಳಿಗೊಂದು ಬರೆಯುತ್ತಿದ್ದೆ. ಓದುವವರು ಹತ್ತೋ ಹನ್ನೆರಡೋ ಮಂದಿ. ಹೂವಿನ ಚಿತ್ರಗಳು ನಿಂತವು, ‘ಓದಿದೆ’ ನಿಲ್ಲಲಿಲ್ಲ.

ಆಗ ಒಬ್ಬ ಪ್ರಕಾಶಕರು ನನ್ನ ಬರಹಗಳನ್ನು ಪುಸ್ತಕ ಮಾಡುತ್ತೇನೆ ಎಂದು ಫೋನು ಮಾಡಿದರು. ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ. “ಒಂದೇ ವಿಷಯ ಮೇಡಂ. ಅಲ್ಲಿ ಪುಕ್ಕಟೆ ಸಿಕ್ಕರೆ ಇಲ್ಲಿ ಯಾರು ಓದ್ತಾರೆ? ಬ್ಲಾಗಿಂದ ತೆಗೆದುಬಿಡಿ,” ಅಂದರು. ನನ್ನ ಬರಹಗಳೆಲ್ಲ ಕಂಪ್ಯೂಟರಿನಲ್ಲಿ ಬೇರೆ ಇದ್ದವು. ಒಂದು ಮಧ್ಯಾಹ್ನ ಕೂತು ಎಲ್ಲ ಆರಿಸಿ ಅಳಿಸಿಬಿಟ್ಟೆ. ಖುಷಿಯಲ್ಲಿ ಮಾಡಿದ ಕೆಲಸ, ಒಂದು ಚೂರೂ ಯೋಚಿಸಲಿಲ್ಲ. ‘ಈ ಬರಹಗಳು ಪುಸ್ತಕವಾಗಿ ಬರಲಿವೆ. ಇಷ್ಟು ದಿನ ಓದಿದವರಿಗೆ ವಂದನೆ’ ಎಂಬ ಎರಡು ಸಾಲು ಮಾತ್ರ ಉಳಿಸಿದೆ.

ಮರುದಿನ ಹತ್ತಕ್ಕೆ ಆ ಎರಡು ಸಾಲಿನ ಕೆಳಗೆ ಬಂತು: ‘ಓದಿದೆ. ಸಂತೋಷವಾಯಿತು. ಪುಸ್ತಕದಲ್ಲಿ ಕೆಳಗೆ ಬರೆಯಲು ಜಾಗ ಇರುತ್ತದೆಯೇ? ಉಧ್ನಾದಿಂದ.’

ನಾನು ನಕ್ಕು ಯಜಮಾನರಿಗೆ ತೋರಿಸಿದೆ. ಅವರು ನಗಲಿಲ್ಲ. “ಇವರು ಬರೆದಿದ್ದೆಲ್ಲ ಎಲ್ಲಿ ಹೋಯ್ತು?” ಅಂದರು. ಬರಹ ಅಳಿಸಿದರೆ ಅದರ ಕೆಳಗಿನ ಕಾಮೆಂಟೂ ಅಳಿಸಿಹೋಗುತ್ತದೆ. ಅಷ್ಟು ವರ್ಷ ಬ್ಲಾಗು ಬರೆದವಳಿಗೆ ಇದು ಗೊತ್ತಿಲ್ಲದ ಮಾತೇನಲ್ಲ. ಆ ಮಧ್ಯಾಹ್ನ ನನಗೆ ನನ್ನ ಬಟ್ಟೆ ಮಾತ್ರ ಕಂಡಿತ್ತು, ಅದರ ಕೆಳಗಿನ ಸಾಲು ಕಂಡಿರಲಿಲ್ಲ.

ಕೂಡಲೇ ಉಧ್ನಾಕ್ಕೆ ಫೋನು ಮಾಡಿದೆ. ಅವರು ಎಂದಿನ ದನಿಯಲ್ಲೇ, “ಹೋಗ್ಲಿ ಬಿಡ್ರಿ ಅಕ್ಕಾರ. ನಿಮ್ಮ ಮನಿ ಕಟ್ಟೀ ಮ್ಯಾಲ ಕುಂತು ಮಾತಾಡಿದ್ದು. ಮಾತು ಯಾರರೆ ಗಂಟು ಕಟ್ಟಿ ಇಡ್ತಾರನು?” ಅಂದರು. ಅವರು ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ಭಾನುವಾರ ಅವರ ಮಗಳ ಫೋನು ಬಂತು. ಅದುವರೆಗೆ ನಾನು ಆಕೆಯ ಜೊತೆ ಮಾತಾಡಿರಲಿಲ್ಲ. “ಆಂಟಿ, ಪಪ್ಪಾಗ ಹೇಳಬ್ಯಾಡ್ರಿ ನಾ ಫೋನ್ ಮಾಡೀನಂತ. ವೋ ಸಬ್ ಸಚ್ಚಿ ಗಯಾ ಕ್ಯಾ, ಎಲ್ಲಾ ಖರೇನ ಹೋತಾ? ನಾ ಎರಡು ತಿಂಗಳಿಂದ ಅಕ್ಷರ ಕಲೀತಿದ್ದೆ. ಮೊಬೈಲಿನ್ಯಾಗ ನೋಡಿ ನೋಡಿ. ನಿಮ್ಮ ಪೇಜಿನ್ಯಾಗ ಮೂರು ಕಾಮೆಂಟ್ ಪೂರಾ ಓದಿದ್ದೆ. ನಾಲ್ಕನೇದ್ರಾಗ ಮಮ್ಮೀದು ಐತಿ ಅಂತ ಪಪ್ಪಾ ಹೇಳಿದ್ರು. ಸಂಡೇ ಓದೋಣ ಅಂತ ಇಟ್ಟಿದ್ದೆ.”

ಫೋನು ಇಟ್ಟು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಇಪ್ಪತ್ತು ವರ್ಷದ ಮೇಲೆ ತಾಯಿಯ ಮಾತು ಕೇಳಲು ಒಬ್ಬಳು ಅಕ್ಷರದಿಂದ ಶುರುಮಾಡಿ ಮೂರನೇ ಮೆಟ್ಟಿಲಿಗೆ ಬಂದಿದ್ದಾಳೆ, ನಾನು ಏಣಿಯನ್ನೇ ತೆಗೆದಿದ್ದೇನೆ.

ಕೊನೆಗೆ ನನ್ನನ್ನು ಕಾಪಾಡಿದ್ದು ನನ್ನ ಹಳೆಯ ಚಟ. ಕಾಮೆಂಟು ಬಂದ ತಕ್ಷಣ ತಿಳಿಯಬೇಕು ಎಂಬ ಆತುರಕ್ಕೆ, ಪ್ರತಿಯೊಂದೂ ನನ್ನ ಮೇಲ್‌ಗೆ ಬರುವ ಹಾಗೆ ಮೊದಲ ವಾರದಲ್ಲೇ ಮಾಡಿಟ್ಟುಕೊಂಡಿದ್ದೆ. ಆ ಮೇಲ್‌ಗಳನ್ನು ಅಳಿಸಿರಲಿಲ್ಲ. ಸೀರೆ ಅಂಗಡಿಯ ಜಾಹೀರಾತು, ಬ್ಯಾಂಕಿನ ಪತ್ರ, ಮಕ್ಕಳ ಶಾಲೆಯ ನೋಟೀಸುಗಳ ಅಡಿಯಲ್ಲಿ ಎಲ್ಲವೂ ಇದ್ದವು. ಯಾವ ಬರಹಕ್ಕೆ ಬಂದದ್ದು ಎಂದು ತಲೆಬರಹ, ಕೆಳಗೆ ಅವರ ಸಾಲುಗಳು. ಮೂರು ದಿನ ಕೂತು ಒಂದೊಂದಾಗಿ ಹೆಕ್ಕಿದೆ. ಹೊಗಳಿಕೆಯ ಹಸಿವಿನಿಂದ ನನಗೆ ಆದ ಒಂದೇ ಒಂದು ಉಪಕಾರ ಅದು.

ಪ್ರಿಂಟು ಹಾಕಿಸಲು ಹೋದಾಗ ಅಂಗಡಿಯ ಹಿರಿಯರು ಹಾಳೆ ಎತ್ತಿ ನೋಡಿ, “ಆ ಕಯೀ ಭಾಷಾ ಛೇ, ಬೇನ್? ಬಧು ಗೋಳ್ ಗೋಳ್ ಛೇ!” ಎಂದು ನಕ್ಕರು. ಇದ್ಯಾವ ಭಾಷೆ, ಎಲ್ಲ ದುಂಡುದುಂಡಗಿದೆಯಲ್ಲ ಎಂದು. ನಾನೂ ನಕ್ಕೆ. ಆ ಕಟ್ಟನ್ನು ಎದೆಗೆ ಅವಚಿಕೊಂಡು ಮರುದಿನ ರೈಲು ಹತ್ತಿದೆ.

ಉಧ್ನಾದ ಮನೆಗೆ ಮಗಳೂ ವಡೋದರಾದಿಂದ ಬಂದಿದ್ದಳು. ಅಪ್ಪನದೇ ಸಣಕಲು ಮೈ, ಅಪ್ಪನ ಹಾಗೇ ಕತ್ತು ವಾಲಿಸಿ ನೋಡುವ ರೀತಿ. ನಾನು ಕಟ್ಟನ್ನು ಅವರ ಕೈಗೆ ಕೊಟ್ಟೆ. ಅವರು ಕಿಟಕಿಯ ಹತ್ತಿರ ಹೋಗಿ ಮೇಲಿನ ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. “ಈಗ ನಾಲ್ಕು ಹೊಡೀತ್ರಿ. ಬೆಳಕು ಹಳದಿ ಆಗೇತಿ. ನಾಳೆ ಹೇಳ್ತೀನ್ರಿ,” ಅಂದರು.

ಮಗಳು ಕಾಯಲಿಲ್ಲ. ಅವರ ಕೈಯಿಂದ ಕಟ್ಟನ್ನು ತೆಗೆದುಕೊಂಡು ನೆಲದ ಮೇಲೆ ಕೂತಳು. ನಾಲ್ಕನೇ ಹಾಳೆ ಹುಡುಕಿ, ಅಕ್ಷರದ ಕೆಳಗೆ ಬೆರಳಿಟ್ಟು ಒಂದೊಂದೇ ಶಬ್ದ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು. ‘ಓದಿದೆ. ಎಣ್ಣೆಗಾಯಿಗೆ ಗುರೆಳ್ಳು ಹುರಿಯುವಾಗ ನಮ್ಮ ಮನೆಯವರು ಒಂದು ಹಾಡು ಹೇಳುತ್ತಿದ್ದರು. ಹಾಡು ಮುಗಿದರೆ ಗುರೆಳ್ಳು ಹುರಿದಂತೆ. ಗಡಿಯಾರ ನೋಡಿದ್ದಿಲ್ಲ. ಒಮ್ಮೆಯೂ ಸೀದದ್ದಿಲ್ಲ. ಉಧ್ನಾದಿಂದ.’ ಅಷ್ಟು ಓದಲು ಆಕೆಗೆ ಬಹಳ ಹೊತ್ತು ಹಿಡಿಯಿತು.

“ಯಾವ ಹಾಡು ಪಪ್ಪಾ?”

ಅವರು ನಮಗೆ ಬೆನ್ನು ಮಾಡಿ ಕಿಟಕಿಯ ಹತ್ತಿರವೇ ನಿಂತಿದ್ದರು. “ನಾಳೆ ಹೇಳ್ತೀನವ್ವಾ.”

“ನಹೀ. ಇವತ್ತ ಹೇಳ್ರಿ.”

ಕೆಳಗೆ ಬೀದಿಯಲ್ಲಿ ಬಟ್ಟೆಯ ಗಂಟು ಹೊತ್ತ ಟೆಂಪೋ ಹಾರ್ನು ಹಾಕುತ್ತಿತ್ತು. ಅದು ಹೋದ ಮೇಲೆ ಅವರು ಗುನುಗಿದರು. ಬೀಸುವಾಗ ಹೇಳುವಂಥ ಒಂದು ಸಣ್ಣ ಹಾಡು. ಶ್ರುತಿ ಇರಲಿಲ್ಲ, ಅರ್ಧಕ್ಕೆ ಮಾತು ಮರೆತು ಮತ್ತೆ ಮೊದಲಿಂದ ಶುರು ಮಾಡಿದರು. ಅವರು ನಾಳೆಯ ತನಕ ಇಟ್ಟುಕೊಳ್ಳದೆ ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಗಳು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು, ಅಳಲಿಲ್ಲ.

ಮರುದಿನ ಹತ್ತಕ್ಕೆ ನನಗೆ ಸಂದೇಶ ಬಂತು. ಅವರ ಕಾಮೆಂಟುಗಳನ್ನೂ ಪುಸ್ತಕದಲ್ಲಿ ಹಾಕೋಣವೇ ಎಂದು ಹೊರಡುವಾಗ ಕೇಳಿ ಬಂದಿದ್ದೆ. ‘ಎಲ್ಲ ಓದಿದೆ. ಹನ್ನೊಂದು ಫೇಲ್, ಉಳಿದವು ಪಾಸ್. ಪುಸ್ತಕದಲ್ಲಿ ಬೇಡ. ನಿಮ್ಮ ಬಟ್ಟೆ ನಿಮ್ಮ ಹೆಸರಿನಲ್ಲೇ ಹೋಗಲಿ. ಕೆಳಗೆ ಜಾಗ ಮಾತ್ರ ಬಿಡಿಸಿರಿ.’

ಪ್ರಕಾಶಕರ ಜೊತೆ ಒಂದು ವಾರ ಜಗಳವಾಡಿದೆ. “ಪ್ರತಿ ಲೇಖನದ ಕೆಳಗೆ ಅರ್ಧ ಪುಟ ಖಾಲಿ ಬಿಟ್ರೆ ಜನ ಅಚ್ಚಿನ ತಪ್ಪು ಅಂತಾರೆ ಮೇಡಂ,” ಅಂದರು ಅವರು. ಅನ್ನಲಿ ಅಂದೆ. ಅತ್ತೆಯ ಲೇಖನವನ್ನು ಪೂರ್ತಿ ಹೊಸದಾಗಿ ಬರೆದು ಕೊನೆಗೆ ಇಟ್ಟೆ. ಅತ್ತೆ ಊರಿಗೆ ಹೋಗಿ ಎಷ್ಟೋ ವರ್ಷವಾದರೂ ಆ ತರಕಾರಿಯವಳು ನನ್ನನ್ನು ಕಂಡಾಗಲೆಲ್ಲ “ಬಾ ಕ್ಯಾರೇ ಆವ್‌ಶೇ?” ಎಂದು, ಅಮ್ಮ ಯಾವಾಗ ಬರುತ್ತಾರೆ ಎಂದು ಕೇಳುವುದನ್ನು ಬರೆದೆ. ಅವರಿಬ್ಬರ ಜಗಳವನ್ನೂ ಇಟ್ಟೆ. ಕಂಪ್ಯೂಟರಿನ ಮುಂದೆ ಕೂತ ಸೊಸೆಯನ್ನೂ ಇಟ್ಟೆ, ಈ ಸಲ ಧಾಟಿ ಹಿಡಿದದ್ದು ಅವಳದ್ದು.

ಪುಸ್ತಕ ತಲುಪಿದ ದಿನ ಅವರೇ ಫೋನು ಮಾಡಿದರು. ಆ ಹೊತ್ತಿಗೆ ಮಿಲ್ಲಿನ ಕೆಲಸ ಬಿಟ್ಟು ಮನೆಯಲ್ಲೇ ಇದ್ದರು. “ಜಾಗ ಭಾಳ ಛಲೋ ಬಿಡಿಸೀರಿ. ಕಡೀದು ಹೊಸಾದು ಐತಿ ನೋಡ್ರಿ. ಹಳೇ ಸಾಲು ಇದಕ್ಕ ಹೊಂದಂಗಿಲ್ಲ. ಓದಿ ನಾಳೆ ಹೇಳ್ತೀನ್ರಿ.”

ಮರುದಿನ ಹತ್ತು ಗಂಟೆಗೆ ಏನೂ ಬರಲಿಲ್ಲ. ಹಿಂದಿನ ರಾತ್ರಿಯೇ ಜ್ವರ ಬಂತೆಂದು ಆಸ್ಪತ್ರೆಗೆ ಸೇರಿಸಿದ್ದರು. ವಾರದೊಳಗೆ ಹೋಗಿಬಿಟ್ಟರು. ಹೆಚ್ಚು ನರಳಲಿಲ್ಲ, ಮಗಳು ಪಕ್ಕದಲ್ಲೇ ಇದ್ದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ನಾನೂ ಯಜಮಾನರೂ ಉಧ್ನಾಕ್ಕೆ ಹೋದೆವು. ಮಗಳು ಕಿಟಕಿಯ ಬಳಿಯ ಮೇಜಿನಿಂದ ನನ್ನ ಪುಸ್ತಕ ತಂದು ಕೊಟ್ಟಳು. ಅದು ಎರಡು ಪಟ್ಟು ದಪ್ಪವಾಗಿತ್ತು. ಪುಸ್ತಕ ಸಿಕ್ಕ ದಿನ ಬೆಳಗಿನಿಂದ ಸಂಜೆಯ ತನಕ ಕೂತು, ನಾನು ಕೊಟ್ಟ ಪ್ರಿಂಟನ್ನು ಆ ಹಲ್ಲುಹಲ್ಲಿನ ಕತ್ತರಿಯಿಂದ ಕತ್ತರಿಸಿ, ಯಾವ ಲೇಖನಕ್ಕೆ ಯಾವುದೋ ಅದನ್ನು ಅದರ ಕೆಳಗಿನ ಜಾಗದಲ್ಲಿ ಅಂಟಿಸಿದ್ದರು. ಮೇಲೆ ನನ್ನ ಬಟ್ಟೆ, ಕೆಳಗೆ ಅವರ ಸಾಲು. ಎಣ್ಣೆಗಾಯಿಯ ಕೆಳಗೆ ಗುರೆಳ್ಳಿನ ಹಾಡು. ಮಳೆಯ ಲೇಖನದ ಕೆಳಗೆ ಮರೆತ ಕೊಡೆ. ಅಲ್ಲಲ್ಲಿ ಕೆಲವು ಜಾಗ ಬರಿದಾಗಿದ್ದವು, ಅವರೇ ಫೇಲ್ ಮಾಡಿಕೊಂಡವು. ಅತ್ತೆಯ ಲೇಖನದ ಕೆಳಗೂ ಬರಿದಾಗಿತ್ತು. ಹಳೇ ಚೂರು ಕತ್ತರಿಸದೆ ಹಾಳೆಯಲ್ಲೇ ಉಳಿದಿತ್ತು.

ನನಗೆ ಆ ಜಾಗ ನೋಡಿ ದುಃಖವಾಯಿತು. ಅಷ್ಟು ವರ್ಷದಲ್ಲಿ ಒಂದು ಪಾಸ್ ಬೇಕೆಂದು ನಾನು ಕಾದದ್ದು ಆ ಒಂದು ಲೇಖನಕ್ಕೇ. ಮಗಳಿಗೂ ಹಾಗೆಂದು ಹೇಳಿದೆ. ಆಕೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಬ್ಯಾಗಿಗೆ ಇಟ್ಟುಕೊಂಡಳು.

ಎರಡು ತಿಂಗಳಾಗಿತ್ತು. ನಾನು ಬೇಳೆಗೆ ನೀರಿಡುತ್ತಿದ್ದೆ, ಮೊಬೈಲು ಸದ್ದು ಮಾಡಿತು. ಗೋಡೆಯ ಗಡಿಯಾರದಲ್ಲಿ ಹತ್ತು ಹೊಡೆದು ಐದು ನಿಮಿಷ. ಬಂದದ್ದು ಒಂದು ಫೋಟೋ. ನನ್ನ ಪುಸ್ತಕದ ಕೊನೆಯ ಪುಟ, ಯಾವುದೋ ಕಿಟಕಿಯ ಬೆಳಕಿನಲ್ಲಿ ತೆಗೆದದ್ದು. ಕೆಳಗಿನ ಜಾಗದಲ್ಲಿ ಪೆನ್ನಿನಿಂದ, ಒಂದನೇ ತರಗತಿಯವರ ಹಾಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿತ್ತು:

‘ಓದಿದೆ. ಎರಡನೇ ಸಲವೂ ನಗು ಬಂತು. ವಡೋದರಾದಿಂದ.’